ಕುಂದಾ ಆಮ್ಯಾಲೆ ಹಂಚ್ರಿ, ಮೊದಲು ಪೆಟ್ರೋಲ್ ಅಳೀರಿ

ಹೋದ ತಿಂಗಳ ಅಂಕಣದಲ್ಲಿ ಲೇಥಿನ ಬಗ್ಗೆ ಬರೆಯುತ್ತ, ನಡುವೆ ನಾಲ್ಕೇ ಸಾಲು ನನ್ನ ಸೋದರಳಿಯನ ಸುದ್ದಿ ಹಾಕಿದ್ದೆ. ಅಮೆರಿಕದ ಓಹಾಯೊದಲ್ಲಿರುವ ಅವನು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಕಟ್ಟಿದ್ದು, ಕಡೆಯ ಆರು ತಿಂಗಳು ನಾನೂ ಅಲ್ಲಿ ಹೋಗಿ ಪಾನಾ ಹಿಡಿದದ್ದು, ಅಷ್ಟೇ. ಸಂಪಾದಕರು ಫೋನ್ ಮಾಡಿ, "ಏನ್ ಬರದೀರ್ರೀ, ಲೇಥಿನ ಪ್ರಶ್ನಿ ಒಂದೂ ಬಂದಿಲ್ಲ, ಎಲ್ಲಾ ಇಮಾನದ್ದ" ಅಂದರು. ಹಾಗಾಗಿ ಈ ಸಲ ಪೂರ್ತಿ ಅದೇ.

ಹೊಸ ಓದುಗರಿಗೆ ನನ್ನ ಗುರುತು: ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ಬೆಳಗಾವಿ ಹತ್ತಿರದ ಸಾಂಬ್ರಾದಲ್ಲಿ ಕವಾಯತು ಕಲಿತು, ಇಪ್ಪತ್ತು ವರ್ಷ ಊರೂರು ಅಲೆದು, ಕಡೆಗೆ ಬೆಳಗಾವಿಗೇ ಬಂದು ಉದ್ಯಮಬಾಗದಲ್ಲಿ ಒಂದು ಲೇಥು, ಒಂದು ಡ್ರಿಲ್ಲಿಂಗ್ ಮಷೀನು ಇಟ್ಟುಕೊಂಡು ಕೂತಿದ್ದೇನೆ. ಪೈಲಟ್ ಅಲ್ಲ. ಹಾರಿಸುವುದು ಹೇಗೆಂದು ನನ್ನನ್ನು ಕೇಳಬೇಡಿ. ಹಾರುವ ಮುಂಚೆ ಏನು ನೋಡಬೇಕು, ಇಳಿದ ಮೇಲೆ ಏನು ಬಿಚ್ಚಬೇಕು ಅನ್ನುವುದನ್ನು ಕೇಳಿ.

ಮೊದಲ ಹಾರಾಟದ ದಿನ ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಯಾವುದರದ್ದು? ರೆಕ್ಕೆ ಮುರಿಯುವುದರದ್ದೇ?
*ಡಿಪ್ಲೊಮಾ ವಿದ್ಯಾರ್ಥಿ, ಗೋಕಾಕ*

ರೆಕ್ಕೆ ಅಲ್ಲಪ್ಪ, ಪೆಟ್ರೋಲು. ಕಿಟ್ ವಿಮಾನದಲ್ಲಿ, ಅಂದರೆ ಬಿಡಿಭಾಗ ತರಿಸಿ ಮನೆಯಲ್ಲಿ ಜೋಡಿಸುವ ವಿಮಾನದಲ್ಲಿ, ರೆಕ್ಕೆಯ ಮುಖ್ಯ ತೊಲೆ ಕಂಪನಿಯಿಂದಲೇ ತಯಾರಾಗಿ ಬಂದಿರುತ್ತದೆ, ಅದೇ ತೊಲೆಯ ಮೇಲೆ ನೂರಾರು ವಿಮಾನ ಆಗಲೇ ಹಾರಾಡುತ್ತಿರುತ್ತವೆ. ಆದರೆ ಟ್ಯಾಂಕಿನಿಂದ ಎಂಜಿನ್ನಿನವರೆಗಿನ ಪೈಪು, ಬೆಂಡು, ಫಿಲ್ಟರು, ಕಾಕು ಎಲ್ಲ ಮನೆಯಲ್ಲಿ ಕೂತು ಜೋಡಿಸಿದವು. ಮೊದಲ ಏರಿಕೆಯಲ್ಲೇ ಎಂಜಿನ್ ನಿಂತರೆ ಜನ "ಎಂಜಿನ್ ಕೆಟ್ಟಿತು" ಅನ್ನುತ್ತಾರೆ. ಬಿಚ್ಚಿ ನೋಡಿದರೆ ಬಹಳ ಸಲ ಎಂಜಿನ್ ಗಟ್ಟಿಮುಟ್ಟಾಗೇ ಇರುತ್ತದೆ, ಹೊಟ್ಟೆಗೆ ಬಿದ್ದಿರುವುದಿಲ್ಲ. ನಮ್ಮ ವಾಯುಪಡೆಯ ತರಬೇತಿ ವಿಮಾನ ಎಚ್‌ಪಿಟಿ-32 ದೀಪಕ್ ಅನ್ನು 2009ರಲ್ಲಿ ಪೂರ್ತಿ ನೆಲಕ್ಕಿಳಿಸಿದರಲ್ಲ, ಅದರ ಹಿಂದೆಯೂ ಆಕಾಶದಲ್ಲಿ ಎಂಜಿನ್ ನಿಲ್ಲುವ ರೋಗವೇ ಇತ್ತು.

ಅದಕ್ಕೆ ಒಂದು ಪರೀಕ್ಷೆ ಇದೆ. ನಮ್ಮದು 160 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಪೂರ್ತಿ ಥ್ರಾಟಲ್ ಕೊಟ್ಟರೆ ಗಂಟೆಗೆ ಸುಮಾರು 50 ಲೀಟರ್ ಕುಡಿಯುತ್ತದೆ. ಪಂಪಿನಿಂದ ಬರುವ ಪೆಟ್ರೋಲಾದರೆ ಅದರ ಒಂದೂಕಾಲು ಪಟ್ಟು, ಪಂಪಿಲ್ಲದೆ ತಾನಾಗೇ ಇಳಿದು ಬರುವುದಾದರೆ ಒಂದೂವರೆ ಪಟ್ಟು ಹರಿಯಲೇಬೇಕು. ನಮ್ಮ ಲೆಕ್ಕಕ್ಕೆ ನಿಮಿಷಕ್ಕೆ ಒಂದು ಲೀಟರಿಗಿಂತ ಚೂರು ಮೇಲೆ. ವಿಮಾನವನ್ನು ಸಮ ನಿಲ್ಲಿಸಿ ಅಳೆದರೆ ಬಂತು ಅನ್ನಬೇಡಿ. ಏರುವಾಗ ಮೂಗು ಎಷ್ಟು ಮೇಲಿರುತ್ತದೋ ಅಷ್ಟು ಎತ್ತಿ ಅಳೆಯಬೇಕು. ಮುಂದಿನ ಗಾಲಿಯ ಕೆಳಗೆ ಮರದ ತುಂಡು ಪೇರಿಸಿ, ಕಾರ್ಬೊರೇಟರಿನ ಪೈಪು ಬಿಚ್ಚಿ, ಅಳತೆಯ ಡಬ್ಬಿ ಹಿಡಿದು ನಾನು ಕೂತೆ, ಅಳಿಯ ಸ್ಟಾಪ್‌ವಾಚ್ ಹಿಡಿದ. ಎರಡೂ ಟ್ಯಾಂಕು ಪಾಸು. ನೋಟ್‌ಬುಕ್ಕಿನಲ್ಲಿ ನಾನೇ ಸಹಿ ಹಾಕಿದೆ.

ಮಾರನೇ ದಿನ ಒಬ್ಬ ಮುದುಕ ಬಂದ. ಅಮೆರಿಕದಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರ ದೊಡ್ಡ ಸಂಘ ಇದೆ, ಇಎಎ ಅಂತ, 1953ರಲ್ಲಿ ಶುರುವಾದದ್ದು. ಕಟ್ಟುತ್ತಿರುವವರ ಶೆಡ್ಡಿಗೆ ಬಂದು ಕೆಲಸ ನೋಡಿ ಹೇಳುವ ಸ್ವಯಂಸೇವಕರು ಅದರಲ್ಲಿದ್ದಾರೆ. ಚಹಾ ಕುಡಿಯುತ್ತ ನೋಟ್‌ಬುಕ್ ತಿರುವಿದವನು ಒಂದೇ ಮಾತು ಕೇಳಿದ: ಅಳೆಯುವಾಗ ಟ್ಯಾಂಕಿನ ಮುಚ್ಚಳ ಹಾಕಿತ್ತೋ, ತೆಗೆದಿತ್ತೋ?

ತೆಗೆದಿತ್ತು. ಒಳಗೆ ಎಷ್ಟು ಉಳಿಯಿತೆಂದು ಇಣುಕಲು ನಾನೇ ತೆಗೆದಿಟ್ಟಿದ್ದೆ.

ಮುಚ್ಚಳ ಹಾಕಿ ಮತ್ತೆ ಮಾಡಿದೆವು. ಬಲಗಡೆಯದು ಸರಿ. ಎಡಗಡೆಯದು ಮೊದಲ ಎರಡು ಲೀಟರ್ ದಬದಬ ಬಂತು, ಆಮೇಲೆ ಧಾರೆ ಸಣ್ಣಗಾಗಿ, ದಾರದಷ್ಟಾಗಿ, ಕಡೆಗೆ ಹನಿ ಹನಿ. ಎಣ್ಣೆ ಡಬ್ಬಿಗೆ ಒಂದೇ ತೂತು ಹಾಕಿ ಬಗ್ಗಿಸಿದರೆ ಆಗುತ್ತದಲ್ಲ, ಹಾಗೆ. ಟ್ಯಾಂಕಿಗೆ ಗಾಳಿ ಬರುವ ಸಣ್ಣ ಕೊಳವೆ ವಿಮಾನದ ಹೊಟ್ಟೆಯ ಕೆಳಗೆ ಬಾಯಿ ತೆರೆದಿರುತ್ತದೆ. ಅದರಲ್ಲಿ ತಂತಿ ಹಾಕಿ ಕೆದಕಿದೆ. ಕಡಲೆಕಾಳಿನಷ್ಟು ಒಣ ಮಣ್ಣು ಉದುರಿತು, ಹಿಂದೆಯೇ ಒಂದು ಸತ್ತ ಜೇಡ. ಕುಂಬಾರ ಹುಳ! ನಮ್ಮಲ್ಲಿ ಬಾಗಿಲ ಕೀಲಿ ತೂತಿನಲ್ಲಿ, ಸ್ವಿಚ್ ಬೋರ್ಡಿನಲ್ಲಿ ಮಣ್ಣು ತಂದು ಮೆತ್ತಿ, ಮರಿಗೆ ಬುತ್ತಿ ಅಂತ ಜೇಡ ತುಂಬಿಡುವ ಅದೇ ಹುಳ ಅಲ್ಲೂ ಇದೆ. ಈ ಹುಳದ ಮೇಲೆ ಇನ್ನೂ ದೊಡ್ಡ ಆರೋಪವಿದೆ. 1996ರಲ್ಲಿ ಡೊಮಿನಿಕನ್ ರಿಪಬ್ಲಿಕ್ಕಿನಿಂದ ಹೊರಟ ಬೋಯಿಂಗ್ 757 ಒಂದು ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವೇಗ ಅಳೆಯುವ ಪಿಟೋ ಕೊಳವೆ ಕಟ್ಟಿಕೊಂಡಿತ್ತು, ಹುಳ ಗೂಡು ಕಟ್ಟಿರಬೇಕು ಅನ್ನುವುದು ತನಿಖೆಯವರ ಅನುಮಾನ.

ಮುಚ್ಚಳ ತೆಗೆದೇ ಪಾಸು ಮಾಡಿ ಹಾರಲು ಬಿಟ್ಟಿದ್ದರೆ ಎಡ ಟ್ಯಾಂಕಿನ ಮೇಲೆ ಆ ಎಂಜಿನ್ ಎರಡು ಮೂರು ನಿಮಿಷ ಓಡುತ್ತಿತ್ತು. ಅಂದರೆ ರನ್‌ವೇ ಮುಗಿದು, ಮರಗಳ ಮೇಲೆ ಹೋಗುವಷ್ಟು ಹೊತ್ತು. ಇಪ್ಪತ್ತು ವರ್ಷದ ಸರ್ವಿಸ್ ಇದ್ದವನ ಸಹಿ ಅದರ ಕೆಳಗಿರುತ್ತಿತ್ತು. ಆ ಪುಟ ಹರಿಯಬೇಡ ಅಂತ ಅಳಿಯನಿಗೆ ಹೇಳಿದೆ. ಇನ್ನೂ ಇದೆ, ನನ್ನ ಸಹಿಯ ಮೇಲೆ ಕೆಂಪು ಗೀಟು.

ಸಣ್ಣ ವಿಮಾನದಲ್ಲಿ ಭಾರ ಎಲ್ಲಿಟ್ಟರೇನು? ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದೇ?
*ಕಬ್ಬಿನ ರೈತರು, ಜಮಖಂಡಿ*

ನೀವೇ ಈ ಪ್ರಶ್ನೆ ಕೇಳಬಾರದು! ಚಕ್ಕಡಿ ಹೂಡಿದ್ದೀರಲ್ಲ? ಹಿಂಭಾರವಾದರೆ ನೊಗ ಎತ್ತಿನ ಕೊರಳು ಬಿಟ್ಟು ಮೇಲೇಳುತ್ತದೆ. ಮುಂಭಾರವಾದರೆ ಎತ್ತು ಕುತ್ತಿಗೆ ಬಗ್ಗಿಸಿ ಒದ್ದಾಡುತ್ತದೆ, ಆದರೆ ಹೇಗೋ ಮನೆ ಮುಟ್ಟುತ್ತದೆ. ವಿಮಾನದ್ದೂ ಅದೇ ನ್ಯಾಯ. ಮುಂಭಾರದ್ದು ಮೂಗು ಎತ್ತಲು ಸೋಮಾರಿ, ಇಳಿಸುವಾಗ ತ್ರಾಸು. ಹಿಂಭಾರದ್ದು ತಾನೇ ಮೂಗೆತ್ತಿ, ವೇಗ ಕಳೆದುಕೊಂಡು, ಒಮ್ಮೆ ಸುತ್ತಿ ಬೀಳಲು ಶುರುವಾದರೆ ಬಿಡಿಸಿಕೊಳ್ಳಲು ಬಿಡುವುದಿಲ್ಲ. ಮೊದಲ ಹಾರಾಟಕ್ಕೆ ಭಾರದ ಮಧ್ಯಬಿಂದುವನ್ನು ಮಿತಿಯ ಮುಂದಿನ ಅರ್ಧದಲ್ಲೇ ಇಟ್ಟುಕೊಳ್ಳಬೇಕು.

ತೂಗುವುದು ಮೂರು ಗಾಲಿಗೆ ಮೂರು ತಕ್ಕಡಿ ಇಟ್ಟು, ವಿಮಾನವನ್ನು ಹಾರುವ ಮಟ್ಟಕ್ಕೆ ಸಮ ನಿಲ್ಲಿಸಿ, ಶೆಡ್ಡಿನ ಬಾಗಿಲು ಹಾಕಿಕೊಂಡು. ಬಾಗಿಲು ಯಾಕೆ ಅಂದರೆ ರೆಕ್ಕೆಗೆ ಗಾಳಿ ಸೋಕಿದರೂ ಮುಳ್ಳು ಅಲ್ಲಾಡುತ್ತದೆ. ಕಬ್ಬಿನ ವೇ ಬ್ರಿಜ್ಜಿನ ಮೇಲೆ ತೂಗಿದ ಹಾಗಲ್ಲ. ಆ ವೇ ಬ್ರಿಜ್ಜಿನ ಕತೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಬಿಡಿ.

ಯೂಟ್ಯೂಬ್ ನೋಡಿ ಬೈಕಿನ ಎಂಜಿನ್ ಹಾಕಿ ಒಂದು ಸೀಟಿನ ವಿಮಾನ ಮಾಡಿದ್ದೇನೆ. ನಮ್ಮದೇ 8 ಎಕರೆ ಹೊಲವಿದೆ. ಯಾರಿಗೂ ತೊಂದರೆ ಇಲ್ಲದಂತೆ ಹಾರಿಸಬಹುದೇ?
*ಓದುಗರು, ವಿಜಯಪುರ ಜಿಲ್ಲೆ*

ಬ್ಯಾಡ್ರಿ. ಮೊದಲು ಕಾನೂನು. ಹೊಲ ನಿಮ್ಮದಿರಬಹುದು, ಮೇಲಿನ ಆಕಾಶ ನಿಮ್ಮದಲ್ಲ. 1934ರ ಹಳೆಯ ಏರ್‌ಕ್ರಾಫ್ಟ್ ಕಾಯ್ದೆ ಹೋಗಿ ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಬಂದಿದೆ. ಹಳೆಯದಿರಲಿ ಹೊಸದಿರಲಿ, ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಯ ನೋಂದಣಿ ಮತ್ತು ಹಾರಾಟದ ಅನುಮತಿ ಪತ್ರ ಇಲ್ಲದೆ ಮನುಷ್ಯ ಕೂತ ವಿಮಾನ ನೆಲ ಬಿಡುವಂತಿಲ್ಲ. ಅದು ಆಗದ ಮಾತೂ ಅಲ್ಲ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಮೇಳದಲ್ಲಿ ಅದನ್ನು ಜನ ನೋಡಿದರು. ಅನುಮತಿ ಪತ್ರ ಕೈಗೆ ಬಂದದ್ದು 2019ರಲ್ಲಿ, ಧುಳೆಯಲ್ಲಿ ಅದು ಹಾರಿದ್ದು 2020ರಲ್ಲಿ. ಕಟ್ಟುವ ತಾಳ್ಮೆಯಷ್ಟೇ ಕಾಗದದ ತಾಳ್ಮೆಯೂ ಬೇಕು.

ಇನ್ನು ಎಂಜಿನ್. ಬೈಕಿನ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತಿನಲ್ಲಿ. ಅಷ್ಟು ಜೋರಾಗಿ ಪ್ರೊಪೆಲ್ಲರ್ ತಿರುಗಿಸಿದರೆ ಅದರ ತುದಿ ಶಬ್ದದ ವೇಗ ಮುಟ್ಟಿ, ಸದ್ದು ಮಾಡುತ್ತದೆ ಹೊರತು ಎಳೆಯುವುದಿಲ್ಲ. ನಮ್ಮ ಲೈಕಮಿಂಗಿಗೆ 2,700 ಸುತ್ತೇ ಗರಿಷ್ಠ. ನಡುವೆ ಗೇರು ಹಾಕುತ್ತೀರಿ, ಸರಿ, ಗೇರು ಮುರಿದರೆ? ಬೈಕು ಹೆದ್ದಾರಿಯಲ್ಲೂ ಅರ್ಧ ಶಕ್ತಿಯಲ್ಲಿ ಓಡುತ್ತದೆ. ವಿಮಾನ ಏರುವಾಗ ಹತ್ತು ನಿಮಿಷ ಎಂಜಿನ್ನಿನ ಕತ್ತು ಹಿಸುಕಿರುತ್ತದೆ. ವಿಮಾನದ ಎಂಜಿನ್ನಿಗೆ ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್ಗು, ಅವಕ್ಕೆ ಕಿಡಿ ಹುಟ್ಟಿಸುವ ಎರಡು ಬೇರೆ ಬೇರೆ ಮ್ಯಾಗ್ನೆಟೊ ಕೊಟ್ಟಿರುವುದು ಶೋಕಿಗಲ್ಲ. ನಿಮ್ಮ ಕೆಲಸದ ಫೋಟೊ ನೋಡಿದೆ, ವೆಲ್ಡಿಂಗ್ ಚೊಕ್ಕ ಇದೆ. ಅದನ್ನು ನೋಡಿಯೇ ಅಂಜಿಕೆ ಹೆಚ್ಚಾಯಿತು, ಯಾಕಂದರೆ ಅದು ಹಾರಿದರೂ ಹಾರೀತು.

ಒಮ್ಮೆಲೇ ಹಾರುವ ಬದಲು ರನ್‌ವೇ ಮೇಲೆ ಜೋರಾಗಿ ಓಡಿಸಿ, ನಾಲ್ಕು ಅಡಿ ಎತ್ತಿ ಮತ್ತೆ ಇಳಿಸಿ ರೂಢಿ ಮಾಡಿಕೊಳ್ಳಬಹುದಲ್ಲ?
*ನಿವೃತ್ತ ಬಸ್ ಚಾಲಕರು, ಖಾನಾಪುರ*

ಬಸ್ಸಿನವರ ಲೆಕ್ಕದಲ್ಲಿ ಇದು ಶಾಣ್ಯಾತನ, ವಿಮಾನದವರ ಲೆಕ್ಕದಲ್ಲಿ ಅಲ್ಲ. ನಿಧಾನ ಓಡಿಸಿ ಬ್ರೇಕು, ತಿರುವು, ರೇಡಿಯೊ ನೋಡುವುದು ಬೇಕು, ಮಾಡಿದೆವು. ಆದರೆ ಹಾರುವ ವೇಗಕ್ಕೆ ಹತ್ತಿರ ಹತ್ತಿರ ಓಡಿಸುವುದು ಎರಡೂ ಕಡೆ ಸಲ್ಲದ ಕೆಲಸ. ಗಾಳಿಯ ಒಂದು ತಳ್ಳು ಸಾಕು, ಮನಸ್ಸಿಲ್ಲದಿದ್ದರೂ ಅದು ನೆಲ ಬಿಡುತ್ತದೆ. ಗಾಬರಿಯಲ್ಲಿ ಥ್ರಾಟಲ್ ಎಳೆದರೆ ದೊಪ್ಪನೆ ಬೀಳುತ್ತದೆ. ಬ್ರೇಕ್ ಒತ್ತಿದರೆ ಡಿಸ್ಕು ಕೆಂಪಾಗುತ್ತದೆ. ಎಂಜಿನ್ನಿಗಂತೂ ಇದು ಶಾಪ. ಹೊಸ ಎಂಜಿನ್ನಿನ ರಿಂಗು ಸಿಲಿಂಡರಿಗೆ ಒಗ್ಗಬೇಕಾದರೆ ಅದಕ್ಕೆ ಮಿನರಲ್ ಆಯಿಲ್ ಹಾಕಿ, ತಣ್ಣಗಿನ ಗಾಳಿಯಲ್ಲಿ ಬಿಗಿಯಾಗಿ ದುಡಿಸಬೇಕು. ನೆಲದ ಮೇಲೆ ಗುರುಗುಟ್ಟಿಸುತ್ತ ಕೂತರೆ ಸಿಲಿಂಡರಿನ ಒಳಗೋಡೆ ಗಾಜಿನಂತೆ ನುಣುಪಾಗಿ ಮೆರುಗುಗಟ್ಟುತ್ತದೆ. ಆಮೇಲೆ ಜೀವಮಾನವಿಡೀ ಎಣ್ಣೆ ಕುಡಿಯುತ್ತದೆ.

ಆ ದಿನ ನಿಜಕ್ಕೂ ಏನಾಯಿತು? ನೋಡಿದ್ದನ್ನು ನೋಡಿದ ಹಾಗೆ ಬರೆಯಿರಿ.
*ಹೈಸ್ಕೂಲ್ ಶಿಕ್ಷಕಿ, ಬಾದಾಮಿ*

ಬರೆಯುತ್ತೇನೆ ಟೀಚರ್, ಆದರೆ ನಿರಾಶೆಯಾದೀತು.

ಮೊದಲ ಜಗಳ ಯಾರು ಹಾರಿಸಬೇಕು ಅನ್ನುವುದಕ್ಕೆ. ಅಳಿಯನಿಗೆ ಲೈಸೆನ್ಸ್ ಇದೆ. ಆದರೆ ಕಟ್ಟುವ ಹುಚ್ಚು ಹತ್ತಿದ ಮೇಲೆ, ಕಡೆಯ ಎರಡು ವರ್ಷದಲ್ಲಿ ಅವನು ಆಕಾಶದಲ್ಲಿದ್ದದ್ದು ನಾಲ್ಕು ಗಂಟೆ. ಮನೆಯಲ್ಲಿ ಕಟ್ಟುವವರೆಲ್ಲರ ರೋಗ ಇದು, ಕೈ ಪಳಗುವುದು ರಿವೆಟ್ ಹೊಡೆಯುವುದರಲ್ಲಿ. ಅದೇ ಮಾದರಿಯ ವಿಮಾನವನ್ನು ವರ್ಷಗಟ್ಟಲೆ ಹಾರಿಸಿದ ಅವನ ಗೆಳೆಯನೊಬ್ಬನಿದ್ದ. ಮುಚ್ಚಳದ ಪ್ರಶ್ನೆ ಕೇಳಿದ ಮುದುಕನೇ ಇದನ್ನೂ ಕೇಳಿದ: "ಎಂಜಿನ್ ನಿಂತಾಗ ನಿನ್ನ ಕೈ ಯೋಚನೆ ಮಾಡುತ್ತದೋ, ಅವನ ಕೈಯೋ?" ಅಳಿಯ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಗೆಳೆಯನಿಗೆ ಫೋನ್ ಮಾಡಿದ.

ಎರಡನೇ ಜಗಳ ನನ್ನ ಅಕ್ಕನದು. ತೆಂಗಿನಕಾಯಿ ಒಡೆಯದೆ ಬಿಡುವುದಿಲ್ಲ ಅಂದಳು. ಪ್ರೊಪೆಲ್ಲರಿನ ಮುಂದೆ ಒಡೆದರೆ ಒಂದು ಚೂರು ಎಳೆದುಕೊಂಡರೂ ಅಲಗಿನ ಹಲ್ಲು ಹಾರುತ್ತದೆ ಅಂತ ತಿಳಿಹೇಳಿ, ಶೆಡ್ಡಿನ ಹಿಂದಿನ ಗಟಾರದ ಹತ್ತಿರ ಒಡೆಸಿ, ನಾನೇ ಕಸಬರಿಗೆಯಿಂದ ಗುಡಿಸಿದೆ. ಗಾಲಿಯ ಕೆಳಗಿನ ನಿಂಬೆಹಣ್ಣಿಗೆ ಯಾರ ತಕರಾರೂ ಇರಲಿಲ್ಲ. ಬೆಳಗಾವಿಯಿಂದ ಒಯ್ದಿದ್ದ ಕುಂದಾ ಡಬ್ಬಿಯನ್ನು ಅವಳು ಕಾರಿನಲ್ಲೇ ಇಟ್ಟಳು. ಇಳಿದ ಮೇಲೆ ಅಂದೆ.

ಬೆಳಿಗ್ಗೆ ಏಳು ಗಂಟೆ, ಗಾಳಿ ಇಲ್ಲ. ಜನ ಕರೆಯಲಿಲ್ಲ. ನೋಡಲು ಮಂದಿ ಬಂದರೆ, ಹಾರಬಾರದು ಅನ್ನಿಸಿದರೂ ಹಾರಿಬಿಡುತ್ತಾರೆ. ಪೈಲಟ್ ಕೂತು ಸ್ಟಿಕ್ ಹಿಡಿದು ಹೆಬ್ಬೆರಳು ಮೇಲೆ ಮಾಡಿದ. ಸ್ಟಿಕ್ ಯಾವ ಕಡೆ ವಾಲಿಸಿದರೂ ಹೆಬ್ಬೆರಳು ತೋರಿಸುವ ಕಡೆಯ ಏಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಿನ ಆಡುವ ಪಟ್ಟಿ, ಮೇಲೇಳಬೇಕು. ಇದು ಚಿಕ್ಕ ಹುಡುಗರ ಆಟದಂತೆ ಕಾಣುತ್ತದೆ. ಆದರೆ ಕೇಬಲ್ ಅದಲುಬದಲಾಗಿ, ಎಡಕ್ಕೆ ಅಂದರೆ ಬಲಕ್ಕೆ ಹೊರಳಿದ ವಿಮಾನಗಳು ಇವೆ, ಪಳಗಿದ ಮೆಕ್ಯಾನಿಕ್ಕುಗಳೇ ಜೋಡಿಸಿದವು. ನಾನು ಎರಡು ಬೆಂಕಿ ಆರಿಸುವ ಸಿಲಿಂಡರು, ಬೆಲ್ಟ್ ಕತ್ತರಿಸುವ ಚಾಕು ಇಟ್ಟುಕೊಂಡು ಕಾರಿನಲ್ಲಿ ಕೂತೆ. ಅಳಿಯ ರೇಡಿಯೊ ಹಿಡಿದು ನಿಂತ.

ಮಾತು ಮೊದಲೇ ಆಗಿತ್ತು. ಅರ್ಧ ರನ್‌ವೇ ದಾಟುವುದರೊಳಗೆ ನೆಲ ಬಿಡದಿದ್ದರೆ ಥ್ರಾಟಲ್ ಹಿಂದಕ್ಕೆ. ಏರುವಾಗ ಸಾವಿರ ಅಡಿಯೊಳಗೆ ಎಂಜಿನ್ ನಿಂತರೆ ಹಿಂದೆ ತಿರುಗುವಂತಿಲ್ಲ, ಮೂಗು ಕೆಳಗೆ ಮಾಡಿ ಎದುರಿಗೆ ಸಿಕ್ಕ ಹೊಲಕ್ಕೆ ಇಳಿ, ವಿಮಾನ ಹೋದರೆ ಹೋಗಲಿ. ಬಂದ ರನ್‌ವೇಗೇ ಮರಳುವ ಆಸೆ ಬಹಳ ಜನರನ್ನು ತಿಂದಿದೆ. ಅರ್ಧ ಸುತ್ತು ಅನ್ನಿಸುತ್ತದೆ, ಆದರೆ ರನ್‌ವೇ ಗೆರೆಗೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ತಿರುಗಬೇಕು. ವಾಲಿ ತಿರುಗಿದಷ್ಟೂ ರೆಕ್ಕೆಗೆ ಹೆಚ್ಚು ವೇಗ ಬೇಕು, ಎಂಜಿನ್ ಇಲ್ಲದೆ ವೇಗ ಎಲ್ಲಿಂದ ತರುತ್ತೀರಿ? ಅಳಿಯ ಈ ಮಾತು ಪೈಲಟ್‌ಗೆ ಎರಡು ಸಲ ಹೇಳಿದ: "ವಿಮಾನ ಹೋದ್ರ ಹೋಗ್ಲಿ." ಮೂರು ವರ್ಷ ಕಟ್ಟಿದವನ ಬಾಯಿಂದ ಅದು ಬಂದದ್ದು ನನಗೆ ಹಾರಾಟಕ್ಕಿಂತ ದೊಡ್ಡದು.

ಆಮೇಲಿನದು ಬೇಸರದ ಕತೆ. ಓಡಿತು, ಎದ್ದಿತು, ನೇರ ಏರಿತು. ಏರ್‌ಫೀಲ್ಡಿನ ನೆತ್ತಿಯ ಮೇಲೇ 3,000 ಅಡಿಯಲ್ಲಿ ಗಾಣದೆತ್ತಿನಂತೆ ಸುತ್ತಿತು. ಎಂಜಿನ್ ನಿಂತರೂ ತೇಲಿಕೊಂಡು ರನ್‌ವೇಗೆ ಬರುವಷ್ಟು ದೂರ ಮಾತ್ರ. ರೇಡಿಯೊದಲ್ಲಿ ಬಂದ ಮಾತು ಮೂರೋ ನಾಲ್ಕೋ: "ಎಣ್ಣೆ ಒತ್ತಡ ಸರಿ." "ಮೂರನೇ ಸಿಲಿಂಡರ್ 215 ಡಿಗ್ರಿ, ಮೂಗು ತಗ್ಗಿಸುತ್ತಿದ್ದೇನೆ." "ಬಲ ರೆಕ್ಕೆ ಸ್ವಲ್ಪ ಭಾರ." ಹೊಸ ರಿಂಗಿನ ತಿಕ್ಕಾಟಕ್ಕೆ ಸಿಲಿಂಡರ್ ಕಾಯುವುದು ಸಹಜ, ಮೂಗು ತಗ್ಗಿಸಿದರೆ ಗಾಳಿ ಹೆಚ್ಚು ನುಗ್ಗಿ ತಣಿಯುತ್ತದೆ, ತಣಿಯಿತು. ಇಳಿಯುವ ಮುಂಚೆ ಮೇಲೆಯೇ ನಿಧಾನ ಮಾಡಿ ನೋಡಿಕೊಂಡ. 35 ನಿಮಿಷಕ್ಕೆ ಇಳಿಯಿತು. ಅಳಿಯನ ಬೆರಳಿನ ಉಗುರು ಒಂದೂ ಉಳಿದಿರಲಿಲ್ಲ.

ಎಲ್ಲರೂ ಪೈಲಟ್ ಕಡೆ ಓಡಿದರು, ನಾನು ಎಂಜಿನ್ ಕಡೆ. ಎಂಜಿನ್ನಿನ ಹೊದಿಕೆ, ಕೌಲಿಂಗ್, ಬಿಚ್ಚಿದರೆ ಹಿಂಬದಿಯ ಒಂದು ಫಿಟ್ಟಿಂಗಿನ ಸುತ್ತ ಎಣ್ಣೆಯ ತೆಳು ಪೊರೆ. ಬೆರಳಿಂದ ಒರೆಸಿ ಮೂಸಿದೆ. ಕಾಲು ಸುತ್ತು ಬಿಗಿ ಕೊಟ್ಟೆ. ಅಷ್ಟರಲ್ಲಿ ಅಕ್ಕ ಹಿಂದಿನಿಂದ ಬಂದು ಎಣ್ಣೆಗೈ ನೋಡದೆ ಬಾಯಿಗೇ ಕುಂದಾ ತುರುಕಿದಳು.

ಮೊದಲ ಹಾರಾಟ ಆಯಿತೆಂದರೆ ಪರೀಕ್ಷೆ ಮುಗಿದಂತೆಯೇ?
*ಓದುಗರು, ಮುಧೋಳ*

ಶುರುವಾದಂತೆ. ಅಲ್ಲಿನ ನಿಯಮದ ಪ್ರಕಾರ ಎಂಜಿನ್ನು, ಪ್ರೊಪೆಲ್ಲರು ಎರಡೂ ಪ್ರಮಾಣಿತ ಜೋಡಿಯಾಗಿದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ, ಅದೂ ಗೊತ್ತುಮಾಡಿದ ಪ್ರದೇಶದೊಳಗೆ. ಈಚೆಗೆ ಗಂಟೆಯ ಬದಲು ಪರೀಕ್ಷೆಗಳ ಪಟ್ಟಿ ಮುಗಿಸುವ ದಾರಿಯೂ ಬಂದಿದೆ, ನಮ್ಮವರು ಗಂಟೆಯ ಲೆಕ್ಕಕ್ಕೇ ನಿಂತರು. ಅಳಿಯ ಅದೇ ಮಾದರಿಯ ವಿಮಾನದಲ್ಲಿ ಕಲಿಸುವವರ ಹತ್ತಿರ ಹೋಗಿ ಕೈ ಪಳಗಿಸಿಕೊಂಡು ಬಂದು, ಆರನೇ ಗಂಟೆಯಿಂದ ತಾನೇ ಹಾರಿಸಿದ.

ಒಂದು ಹಾರಾಟಕ್ಕೆ ಒಂದೇ ಕೆಲಸ. ಮೊಣಕಾಲಿಗೆ ಕಟ್ಟಿದ ಕಾರ್ಡಿನಲ್ಲಿ ಅದನ್ನು ಬರೆದಿರಬೇಕು. ಒಂದು ದಿನ ವೇಗದ ಮುಳ್ಳನ್ನು ಪರೀಕ್ಷಿಸಿದರು. ಒಂದೇ ವೇಗದಲ್ಲಿ ಉತ್ತರಕ್ಕೆ, ಪೂರ್ವಕ್ಕೆ, ದಕ್ಷಿಣಕ್ಕೆ, ಪಶ್ಚಿಮಕ್ಕೆ ಹಾರಿ, ಜಿಪಿಎಸ್ ತೋರಿಸಿದ ನಾಲ್ಕು ವೇಗದ ಸರಾಸರಿ ತೆಗೆದರೆ ಗಾಳಿಯ ಪಾಲು ಸುಮಾರಾಗಿ ಕಳೆದುಹೋಗುತ್ತದೆ. ಎತ್ತರ, ತಾಪಮಾನದ ಲೆಕ್ಕ ಹಾಕಿದ ಮೇಲೆ ನಮ್ಮ ಮುಳ್ಳು 90 ಅಂದಾಗ ನಿಜ 84 ನಾಟ್ ಅಂತ ಗೊತ್ತಾಯಿತು. ಸುಳ್ಳು ಹೇಳುವ ಮುಳ್ಳು ಗೊತ್ತಿದ್ದರೆ ಅಪಾಯವಿಲ್ಲ. ಇನ್ನೊಂದು ದಿನ ಎತ್ತರದಲ್ಲಿ ಸ್ಟಾಲ್, ಅಂದರೆ ರೆಕ್ಕೆ ಹಿಡಿತ ಬಿಡುವ ವೇಗ ನೋಡುವುದು. ನಮ್ಮ ಮುಳ್ಳಿನಲ್ಲಿ ಅದು 46. ಅದಕ್ಕೆ 1.3ರ ಗುಣಾಕಾರ, ಇಳಿಯಲು ಬರುವ ವೇಗ 60. ಪುಸ್ತಕದ ಅಂಕಿ ಬೇರೆ ಇರಬಹುದು, ಈ ವಿಮಾನದ ಈ ಮುಳ್ಳಿಗೆ ಇದೇ ಅಂಕಿ. ಆಮೇಲೆ ಪಕ್ಕದ ಸೀಟಿಗೆ, ಹಿಂದಿನ ಜಾಗಕ್ಕೆ ಉಸುಕಿನ ಚೀಲ ಕಟ್ಟಿ, ಭಾರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಮತ್ತೆ ಅದೇ ಪರೀಕ್ಷೆ. ಚೀಲ ಬಿಗಿಯಾಗಿ ಕಟ್ಟಿರಬೇಕು, ಆಕಾಶದಲ್ಲಿ ಹಿಂದೆ ಉರುಳಿದರೆ ಮೇಲೆ ಹೇಳಿದ ಚಕ್ಕಡಿಯ ಕತೆ. ಗರಿಷ್ಠ ವೇಗದ ಪರೀಕ್ಷೆಯಲ್ಲಿ ತಗಡು ಗಾಳಿಗೆ ಬಡಿದುಕೊಂಡಂತೆ ರೆಕ್ಕೆಯ ಅಂಚು ನಡುಗುವ ಫ್ಲಟರ್ ಅನ್ನುವ ಮಾರಿ ಇದೆ. ಅದಕ್ಕೆ ಐದೈದು ನಾಟ್ ಏರಿಸುತ್ತ ಹೋಗುವುದು, ಅವಸರಕ್ಕೆ ಅಲ್ಲಿ ಜಾಗವೇ ಇಲ್ಲ.

ಬಲ ರೆಕ್ಕೆಯ ಭಾರಕ್ಕೆ ಏಲೆರಾನಿನ ಅಂಚಿಗೆ ಬೆರಳುದ್ದದ ಮರದ ಚೂರು ಟೇಪಿನಿಂದ ಅಂಟಿಸಿದೆವು, ಸರಿಹೋಯಿತು. ಎಂಜಿನ್ ಕಾವಿಗೆ ಮಾತ್ರ ಒಂದು ತಪ್ಪು ಮಾಡಿದೆವು. ಸಿಲಿಂಡರಿನ ಸುತ್ತಲಿನ ತಗಡಿನ ಸಂದುಗಳನ್ನು ಮುಚ್ಚಿದ್ದು, ಆಯಿಲ್ ಕೂಲರಿನ ಕೊಳವೆ ಬದಲಿಸಿದ್ದು, ಎರಡೂ ಒಂದೇ ರಾತ್ರಿ. ಬೆಳಿಗ್ಗೆ ಕಾವು ಇಳಿದಿತ್ತು. ಯಾವುದರಿಂದ? ಇಂದಿಗೂ ಚರ್ಚೆ ನಡೆದಿದೆ, ವಾಟ್ಸಾಪ್‌ನಲ್ಲಿ.

ಸಾಂಬ್ರಾದಂಥ ಕಡೆ ಇಂಥ ಪರೀಕ್ಷೆ ಮಾಡುವುದಾದರೆ ಯಾವ ಕಾಲ ಒಳ್ಳೆಯದು?
*ಎಂಜಿನಿಯರಿಂಗ್ ವಿದ್ಯಾರ್ಥಿನಿ, ಟಿಳಕವಾಡಿ, ಬೆಳಗಾವಿ*

ಡಿಸೆಂಬರ್, ಜನವರಿ, ಸೂರ್ಯ ಹುಟ್ಟಿ ಅರ್ಧ ಗಂಟೆಗೆ. ಸಾಂಬ್ರಾ ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ ಆದ ನಿಲ್ದಾಣ, ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಬಿಸಿಲಿದ್ದರೆ ಲೆಕ್ಕ ಹಾಕಿ ನೋಡಿ. ಆ ಎತ್ತರಕ್ಕೆ ಇರಬೇಕಾದ್ದು 10 ಡಿಗ್ರಿ, ಹೆಚ್ಚಿರುವುದು 26, ಡಿಗ್ರಿಗೆ 120 ಅಡಿಯಂತೆ ಕೂಡಿಸಿದರೆ ವಿಮಾನದ ಪಾಲಿಗೆ ಅದು 5,600 ಅಡಿಯ ತೆಳು ಗಾಳಿ. 160 ಕುದುರೆಗಳಲ್ಲಿ ಇಪ್ಪತ್ತೈದು ಮೂವತ್ತು ಲಾಯದಲ್ಲೇ ಮಲಗಿದಂತೆ. ರೆಕ್ಕೆಯೂ ಸೋಮಾರಿ, ಪ್ರೊಪೆಲ್ಲರೂ ಸೋಮಾರಿ. ವಿಜಯಪುರದ ಮೇ ತಿಂಗಳೂ ಅಷ್ಟೇ, ಊರು ತಗ್ಗಿನಲ್ಲಿದ್ದರೂ ಬಿಸಿಲು ಆ ಉಳಿತಾಯ ತಿಂದುಹಾಕುತ್ತದೆ. ಬೆಳಗಾವಿಯ ಮಳೆಗಾಲದ ಪಡುವಣ ಗಾಳಿ ರನ್‌ವೇ ಗುಂಟ ಬೀಸುತ್ತದೆ, ಒಳ್ಳೆಯದೇ, ಆದರೆ ಮೋಡ ತಲೆಯ ಮೇಲೇ ಕೂತಿರುತ್ತದಲ್ಲ.

ರೈಟ್ ಸಹೋದರರು 12 ಸೆಕೆಂಡ್ ಹಾರಿದ್ದನ್ನೂ ಪರೀಕ್ಷೆ ಅನ್ನಬಹುದೇ?
*ಎಂಟನೇ ತರಗತಿ, ಚಿಕ್ಕೋಡಿ*

ಅನ್ನಬಹುದು ಮರಿ. ಅವರ ಊರು ಓಹಾಯೊದ ಡೇಟನ್, ನಮ್ಮ ಅಳಿಯನ ಮನೆಯಿಂದ ದೂರವಿಲ್ಲ, ಅವರ ಸೈಕಲ್ ಅಂಗಡಿಯ ಬೀದಿ ನೋಡಿ ಬಂದೆ. 1903ರ ಡಿಸೆಂಬರ್ 14ರಂದು ನಾಣ್ಯ ಚಿಮ್ಮಿದರು, ಅಣ್ಣ ವಿಲ್ಬರ್ ಗೆದ್ದ. ಮೂಗು ಅತಿಯಾಗಿ ಎತ್ತಿ, ಸ್ಟಾಲ್ ಆಗಿ ಮರಳಿಗೆ ಕೂತ, ಮುಂದಿನ ಭಾಗ ಮುರಿಯಿತು. ರಿಪೇರಿ ಮಾಡಿ 17ರಂದು ತಮ್ಮ ಆರ್ವಿಲ್ ಹಾರಿದ, 12 ಸೆಕೆಂಡ್, 120 ಅಡಿ. ಅಂದೇ ನಾಲ್ಕನೇ ಸಲ ವಿಲ್ಬರ್ 59 ಸೆಕೆಂಡ್, 852 ಅಡಿ. ಆಮೇಲೆ ನೆಲದ ಮೇಲೆ ನಿಂತಿದ್ದ ವಿಮಾನವನ್ನು ಗಾಳಿ ಉರುಳಿಸಿ ಮುರಿಯಿತು. ಅದಕ್ಕೇ ನಾನು ಶೆಡ್ಡಿನೊಳಗೂ ಹಗ್ಗ ಕಟ್ಟು ಅನ್ನುವವನು.

ಮಗಳಿಗೆ ವಿಮಾನ ಪರೀಕ್ಷೆಯ ಕೆಲಸದ ಆಸೆ. ಪೈಲಟ್ ಆಗಲೇಬೇಕೇ?
*ತಂದೆ, ಬಾಗಲಕೋಟೆ*

ಬೇಕಿಲ್ಲ. ಫ್ಲೈಟ್ ಟೆಸ್ಟ್ ಎಂಜಿನಿಯರ್ ಅಂತ ಬೇರೆ ಹುದ್ದೆಯೇ ಇದೆ. ಏನು ಪರೀಕ್ಷಿಸಬೇಕು, ಯಾವ ಕ್ರಮದಲ್ಲಿ, ಯಾವ ಅಂಕಿ ಬಂದರೆ ನಿಲ್ಲಿಸಬೇಕು ಅನ್ನುವುದನ್ನು ಗೊತ್ತುಮಾಡುವವರು ಅವರು. ಬೆಂಗಳೂರಿನ ವಾಯುಪಡೆಯ ಟೆಸ್ಟ್ ಪೈಲಟ್ ಶಾಲೆಯಲ್ಲಿ ಪೈಲಟ್‌ಗಳ ಜೊತೆ ಅವರಿಗೂ ತರಬೇತಿ ಕೊಡುತ್ತಾರೆ. ಮಗಳು ಮೊದಲು ಎಂಜಿನಿಯರಿಂಗ್ ಮುಗಿಸಲಿ, ಜೊತೆಗೆ ಯಾವುದಾದರೂ ಗ್ಯಾರೇಜಿನಲ್ಲಿ ರಜೆಯ ಎರಡು ತಿಂಗಳು ಕೈ ಕಪ್ಪು ಮಾಡಿಕೊಳ್ಳಲಿ.

ಇಷ್ಟೆಲ್ಲ ಬರೆದಿರಿ, ನೀವು ಅದರಲ್ಲಿ ಕೂತಿರೋ ಇಲ್ಲವೋ?
*ನೇಕಾರರು, ಇಳಕಲ್*

ಇಲ್ರಿ. ಪರೀಕ್ಷೆಯ ಗಂಟೆ ಮುಗಿಯುವವರೆಗೆ ಅದರಲ್ಲಿ ಪ್ರಯಾಣಿಕರು ಕೂರುವಂತಿಲ್ಲ. 2014ರಿಂದ ಅರ್ಹತೆ ಇರುವ ಎರಡನೇ ಪೈಲಟ್‌ಗೆ ಅವಕಾಶ ಮಾಡಿದ್ದಾರೆ, ಸೋದರಮಾವನಿಗೆ ಮಾಡಿಲ್ಲ. 19 ಗಂಟೆ ಆಗಿದ್ದವು, ಆರು ಉಳಿದಿದ್ದವು, ಅಷ್ಟರಲ್ಲಿ ನನ್ನ ಆರು ತಿಂಗಳು ಮುಗಿದು ವಾಪಸ್ ಟಿಕೆಟ್ ಬಂತು. "ಒಂದ ಸುತ್ತು ಹೋಗಿ ಬರೂಣು ಮಾವ, ಯಾರು ನೋಡ್ತಾರ" ಅಂದ ಅಳಿಯ. ಕೆಂಪು ಗೀಟಿನ ಆ ಪುಟ ತೆಗೆದು ತೋರಿಸಿದೆ, ಸುಮ್ಮನಾದ.

25 ತುಂಬಿದ ಮಾರನೇ ದಿನ ಮೊದಲು ಕೂತವಳು ಅಕ್ಕ. ನಿಮ್ಮೂರಿನದೇ ಸೀರೆ, ಟೋಪಿ ತೆನೆ ಸೆರಗು, ಅದರ ಮೇಲೆ ನಾಲ್ಕು ಬೆಲ್ಟು. ಅಲ್ಲಿ ಬೆಳಿಗ್ಗೆ, ಇಲ್ಲಿ ರಾತ್ರಿ, ನಾನು ವರ್ಕ್‌ಶಾಪಿನ ಶಟರ್ ಇಳಿಸುತ್ತಿದ್ದೆ. ಎಂಜಿನ್ ಚಾಲೂ ಆದ ಮೇಲೆ ವಿಡಿಯೊ ಕಾಲ್ ಮಾಡಿ, ಆ ಗದ್ದಲದಲ್ಲಿ ಕೂಗಿದಳು: "ತಮ್ಮಾ, ನನ್ನ ಕಾಲಾಗಿಂದು ಒಂದು ಬೋಲ್ಟ್ ಅದ್ರಾಕತ್ತೈತಿ. ನೀ ಬಿಗಿ ಮಾಡೀಯಿಲ್ಲೋ?"

ಯಾವ ಬೋಲ್ಟು ಅಂತ ಕೇಳುವುದರೊಳಗೆ ಲೈನ್ ಕಟ್ ಆಯಿತು. ಮತ್ತೆ ಅವಳ ಫೋನ್ ಬಂದದ್ದು 40 ನಿಮಿಷ ಬಿಟ್ಟು. ಅಲ್ಲಿಯವರೆಗೆ ಶಟರ್ ಅರ್ಧಕ್ಕೇ ನಿಂತಿತ್ತು.